ಸಣ್ಣಪುಟ್ಟ ತಿದ್ದುಪಡಿ

ದಾವಣಗೆರೆಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಂಡಕ್ಕಿ ಅಂಗಡಿ ಇದೆ. ಆ ಕಡೆ ಕೆಲಸವಿದ್ದರೆ ನಾನು ಆ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತೇನೆ. ಕಳ್ಳತನ ಮಾಡಿದವನಲ್ಲ, ಲಂಚ ಮುಟ್ಟಿದವನಲ್ಲ, ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ನೋಟಿಸ್ ಕೂಡ ಬಂದಿಲ್ಲ. ಆದರೂ ಆ ಅಂಗಡಿಯಾಕೆಯ ಎದುರು ಮುಖ ಎತ್ತಿ ನಿಲ್ಲುವ ಯೋಗ್ಯತೆ ನನಗೆ ಉಳಿದಿಲ್ಲ. ಅವರ ದನಿಯನ್ನು ನಾನು ಕಳೆದುಬಿಟ್ಟೆ. ಹೇಗೆ ಕಳೆದೆ ಎಂಬುದನ್ನು ಒಮ್ಮೆಯಾದರೂ ಪೂರ್ತಿ ಹೇಳಬೇಕು.

ಮೊದಲು ಕೊರಳಪಟ್ಟಿಯ ವಿಷಯ. ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಹಿಂದೆಲ್ಲ ಜೀವ ಉಳಿಯಿತಲ್ಲ ಎಂದುಕೊಂಡು ಮೂಕರಾಗಿಯೇ ಇದ್ದುಬಿಡುತ್ತಿದ್ದರು. ಈಗ ಹನ್ನೆರಡು ವರ್ಷದಿಂದ ಹಾಗಿಲ್ಲ. ಆಪರೇಷನ್ನಿಗೆ ಮುಂಚೆ ಮೂರು ದಿನ ಕೂರಿಸಿ, ಮಾತಾಡಿಸಿ, ಬೈಸಿ, ನಗಿಸಿ, ಅವರ ದನಿಯನ್ನು ತುಂಬಿಟ್ಟುಕೊಳ್ಳುತ್ತಾರೆ. ಆಮೇಲೆ ಕೊರಳಿಗೆ ಎರಡು ಬೆರಳಗಲದ ಒಂದು ಪಟ್ಟಿ ಕಟ್ಟುತ್ತಾರೆ. ತುಟಿ, ನಾಲಿಗೆ ಆಡಿಸಿದರೆ ಸಾಕು, ಸ್ನಾಯುವಿನ ಅಲುಗಾಟ ಹಿಡಿದು ಪಟ್ಟಿ ಮಾತಾಡುತ್ತದೆ, ಅವರದೇ ದನಿಯಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಪಟ್ಟಿ ಬಿಚ್ಚಿ ಚಾರ್ಜಿಗೆ ಇಡಬೇಕು. ಆಗ ಅದು ಜಿಲ್ಲೆಯ ದನಿಭಂಡಾರದ ಜೊತೆ ಸಂಪರ್ಕ ಮಾಡಿ, ಹೊಸದಾಗಿ ಕಲಿತದ್ದನ್ನು ಅಲ್ಲಿಟ್ಟು, ದನಿಯನ್ನು ಮತ್ತೆ ತುಂಬಿಸಿಕೊಳ್ಳುತ್ತದೆ. ನನ್ನ ಹೆಂಡತಿ ವಿಶಾಲಾ ಇದೇ ಘಟಕದಲ್ಲಿ ಮಾತಿನ ಚಿಕಿತ್ಸಕಿ. ಜಿಲ್ಲೆಯಲ್ಲಿ ಪಟ್ಟಿ ಕಟ್ಟಿಕೊಂಡವರು ಮುನ್ನೂರು ಚಿಲ್ಲರೆ ಜನ. ಮುಕ್ಕಾಲು ಪಾಲು ಜನರ ದನಿಯನ್ನು ತುಂಬಿಸಿಕೊಂಡವಳು ಅವಳೇ.

ಭಂಡಾರ ಕಟ್ಟಿದ ಹಿರಿಯ ಡಾಕ್ಟರರದು ಒಂದು ಹಟವಿತ್ತು. ದನಿ ಹೋದ ಮನುಷ್ಯನಿಗೆ ಮೇಲೊಂದು ನಂಬರ್ ಹಚ್ಚಬೇಡಿ ಎಂದಿದ್ದರಂತೆ. ಹಾಗಾಗಿ ಅಲ್ಲಿ ದನಿ ಹುಡುಕುವುದು ಹೆಸರು, ಊರಿನಿಂದಲೇ. 'ನಾಗೇಂದ್ರಮ್ಮ, ದಾವಣಗೆರೆ' ಎಂದರೆ ಹಳೇ ಬಸ್ ಸ್ಟ್ಯಾಂಡಿನ ಮಂಡಕ್ಕಿ ಅಂಗಡಿಯವರು. 'ನಾಗೇಂದ್ರಪ್ಪ, ಹೊನ್ನಾಳಿ' ಎಂದರೆ ರಿಟೈರಾದ ಡ್ರಿಲ್ ಮಾಸ್ತರರು. ಕಾಗುಣಿತದ ಗುರುತು, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಇಪ್ಪತ್ನಾಲ್ಕು ಅಕ್ಷರದ ಜಾಗ ಇಟ್ಟಿದ್ದರು. ಅದರಲ್ಲಿ ಇಬ್ಬರೂ ಆರಾಮಾಗಿ ಹಿಡಿಯುತ್ತಿದ್ದರು.

ಇನ್ನು ನನ್ನ ಕೆಲಸ. ಸರ್ಕಾರಿ ಆಸ್ಪತ್ರೆ, ಶಾಲೆ, ಪಂಚಾಯಿತಿಗಳ ಕಂಪ್ಯೂಟರುಗಳನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ನಮ್ಮದೇ ಲಿನಕ್ಸ್‌ಗೆ 'ಹಗೇವು' ಎಂದು ಹೆಸರು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವಿನ ಹಾಗೆ ಇದರೊಳಗೆ ಸಾವಿರಾರು ತಂತ್ರಾಂಶಗಳು ಪೊಟ್ಟಣ ಕಟ್ಟಿಕೊಂಡು ಕೂತಿರುತ್ತವೆ. ಬೇಕಾದವರು ಬೇಕಾದ್ದನ್ನು ಇಳಿಸಿಕೊಳ್ಳುತ್ತಾರೆ. ಹೆಸರು ಇಟ್ಟವನು ನಾನು. ಪೊಟ್ಟಣಗಳು ತಮ್ಮ ತಮ್ಮಲ್ಲೇ ಜಗಳ ಹಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕಾದವನೂ ನಾನು.

ಕಳೆದ ಅಕ್ಟೋಬರಿನಲ್ಲಿ ಜಗಳ ಬಂತು. ದನಿಭಂಡಾರದಂಥ ಡೇಟಾಬೇಸಿನಿಂದ ಏನಾದರೂ ಬೇಕಾದರೆ ತಂತ್ರಾಂಶಗಳು ತಾವೇ ಒಳಗೆ ಹೋಗುವುದಿಲ್ಲ. ನಡುವೆ ಒಂದು ಕ್ಲೈಂಟ್ ಲೈಬ್ರರಿ ಇರುತ್ತದೆ. ಆಫೀಸಿನ ಜವಾನನ ಕೆಲಸ ಅದರದು. ಚೀಟಿ ಒಯ್ಯುವುದು, ಕಡತ ತಂದುಕೊಡುವುದು. ದನಿಭಂಡಾರದ ಹಳೇ ತಂತ್ರಾಂಶಕ್ಕೆ ಹಳೇ ಜವಾನನೇ ಬೇಕು. ಕೊರಳಪಟ್ಟಿಯ ಹೊಸ ತಂತ್ರಾಂಶಕ್ಕೆ ಹೊಸಬನೇ ಬೇಕು. ಇಬ್ಬರಿಗೂ ಇರುವುದು ಒಂದೇ ಸ್ಟೂಲು. ಹೊಸಬನನ್ನು ಕೂರಿಸಿದರೆ ಹಳಬನನ್ನು ಎಬ್ಬಿಸಬೇಕು. ಇದಕ್ಕೆ ಸರಿಯಾದ ದಾರಿ ನನಗೆ ಗೊತ್ತಿರಲಿಲ್ಲ ಎಂದಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಬೇರೆ ಬೇರೆ ಜಾಗದಲ್ಲಿಟ್ಟು, ಅವನ್ನು ನೆಚ್ಚಿಕೊಂಡ ಪೊಟ್ಟಣಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಒಂದು ವಾರದ ಕೆಲಸ. ಆದರೆ ಹೊಸ ತಂತ್ರಾಂಶದ ಉದ್ಘಾಟನೆ ನವೆಂಬರ್ ಒಂದಕ್ಕೆ, ರಾಜ್ಯೋತ್ಸವದ ದಿನಕ್ಕೆ ಗೊತ್ತಾಗಿತ್ತು. ಅವತ್ತು ಕಂಪ್ಯೂಟರಿನಲ್ಲಿ ಕನ್ನಡ ಎಂಬ ವಿಷಯದ ಮೇಲೆ ನನ್ನ ಭಾಷಣವೂ ಇತ್ತು.

ಅಕ್ಟೋಬರ್ ಮೂವತ್ತೊಂದರ ಸಂಜೆ ನಾನು ಹಳೇ ಜವಾನನ ಎದೆಯ ಬಿಲ್ಲೆ ಕಿತ್ತು ಹೊಸಬನಿಗೆ ಚುಚ್ಚಿದೆ. ಲಿನಕ್ಸ್‌ನಲ್ಲಿ ಅದು ಒಂದು ಸಾಲಿನ ಕೆಲಸ. ಹಳೇ ಹೆಸರು ಹಿಡಿದು ಕೂಗಿದರೆ ಹೊಸಬ ಓಗೊಡುತ್ತಾನೆ, ಕೂಗಿದವರಿಗೆ ಗೊತ್ತಾಗುವುದಿಲ್ಲ.

ಫರ್ಜಾನಾ ಪಕ್ಕದಲ್ಲೇ ಇದ್ದಳು. ಹರಿಹರದವಳು, ಐದು ವರ್ಷದಿಂದ ನನ್ನ ಕೈಕೆಳಗೆ ಪೊಟ್ಟಣ ಕಟ್ಟುತ್ತಿದ್ದಾಳೆ, ಒಂದನ್ನೂ ಎರಡು ಸಲ ನೋಡದೆ ಬಿಡುವವಳಲ್ಲ.

"ಸರ್, ಹಳೇದ್ರಾಗೆ ಹೆಸರಿಗೆ ಇಪ್ಪತ್ನಾಲ್ಕು ಅಂತ ಐತೆ. ಅದು ಅಕ್ಷರನಾ, ಬೈಟಾ? ಹೊಸದು ಅದನ್ನ ಬೈಟ್ ಅಂದ್ಕಂಡ್ರೆ ಕನ್ನಡ ಹೆಸರು ಅರ್ಧಕ್ಕೇ ಕಟ್ಟಾಗ್ತವೆ. ಒಂದ್ಸಲ ಕನ್ನಡ ಹೆಸರು ಹಾಕಿ ನೋಡ್ರಿ."

ನೋಡುತ್ತೇನೆ ಎಂದೆ. ನೋಡಿದ್ದೂ ಹೌದು. ಹೇಗೆ ನೋಡಿದೆ ಎಂದು ಹೇಳಲು ಈಗಲೂ ಕಿವಿ ಬಿಸಿಯಾಗುತ್ತದೆ. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಲು ಒಂದು ಗುಂಡಿ ಒತ್ತಬೇಕು. ಅದಕ್ಕೂ ಸೋಮಾರಿತನ ಮಾಡಿ ಇಂಗ್ಲಿಷ್ ಅಕ್ಷರದಲ್ಲೇ ರವಿ ಒಂದು, ರವಿ ಎರಡು ಎಂದು ಬಡಿದೆ. ಇಬ್ಬರು ರವಿಗಳೂ ಸರಿಯಾಗಿ ಹೋಗಿ ಸರಿಯಾಗಿ ಬಂದರು. ಮರುದಿನ ಕನ್ನಡದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕಾದ ಮನುಷ್ಯ ನಾನು.

ಪ್ರತಿ ಪೊಟ್ಟಣದ ಜೊತೆ ಒಂದು ದಿನಚರಿ ಇರುತ್ತದೆ. ಏನು ಬದಲಾಯಿಸಿದೆವು, ಯಾಕೆ, ಯಾರು ಎಂದು ಅದರಲ್ಲಿ ಬರೆಯಬೇಕು. ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ, ಯಾರು ಬೇಕಾದರೂ ತೆಗೆದು ಓದಬಹುದು. ನಾನು ಬರೆದದ್ದು ಇಷ್ಟು: ಸಣ್ಣಪುಟ್ಟ ತಿದ್ದುಪಡಿ. ಸಹಿಯ ಜಾಗದಲ್ಲಿ ಯಂತ್ರ ತಾನೇ 'ನಿರ್ವಹಣಾ ತಂಡ' ಎಂದು ತುಂಬಿಕೊಟ್ಟಿತು. ಹಾಗೇ ಬಿಟ್ಟೆ.

ಭಾಷಣ ಚೆನ್ನಾಗಿ ಆಯಿತು. ಕನ್ನಡದ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಜಾಗ ಸಿಗಬೇಕು ಎಂದಾಗ ಚಪ್ಪಾಳೆ ಬಿತ್ತು.

ಎರಡನೇ ತಾರೀಖು ಸಂಜೆ ಮನೆಯಲ್ಲಿ ವಿಶಾಲಾ ರೊಟ್ಟಿ ಬಡಿಸುತ್ತಾ ಆಸ್ಪತ್ರೆಯ ಸುದ್ದಿ ಶುರುಮಾಡಿದಳು. ಮಂಡಕ್ಕಿ ನಾಗೇಂದ್ರಮ್ಮ ಬೆಳಿಗ್ಗೆ ಓಡೋಡಿ ಬಂದಿದ್ದರಂತೆ. ಹಿಂದಿನ ಮಧ್ಯಾಹ್ನ ಪಟ್ಟಿ ಚಾರ್ಜಿಗಿಟ್ಟು, ಊಟ ಮಾಡಿ, ಕಟ್ಟಿಕೊಂಡು "ಖಾರ ಎಷ್ಟು ಹಾಕ್ಲಿ?" ಎಂದರೆ ಗಂಡಸಿನ ದನಿ, ಅದೂ ಡ್ರಿಲ್ ಮಾಸ್ತರ ದನಿ ಬಂತಂತೆ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಹೇಳುತ್ತಾ ವಿಶಾಲಾಗೂ ನಗು ಬಂತು, ತಕ್ಷಣ ನಿಲ್ಲಿಸಿದಳು. ಪಾಪ, ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ರು, ತೆರೆಯ ಮೇಲೆ ಅವರ ಹೆಸರೂ ಬರೀ ನಾಗೇಂದ್ರ ಅಂತ ಬರ್ತಿದೆ, ಏನೋ ಪಟ್ಟಿ ಕಂಪನಿಯವರ ಎಡವಟ್ಟಿರಬೇಕು ಎಂದಳು.

ಬರೀ ನಾಗೇಂದ್ರ ಎಂದು ಕೇಳಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಗುರುತಿಗೂ ಮೂರು ಬೇಕು. ಇಪ್ಪತ್ನಾಲ್ಕು ಬೈಟ್ ಎಂದರೆ ಎಂಟೇ ಗುರುತು. ತಟ್ಟೆಯ ಪಕ್ಕದಲ್ಲಿ ಬೆರಳು ಮಡಚಿ ಎಣಿಸಿದೆ: ನ, ಅದರ ದೀರ್ಘ, ಗ, ಅದರ ಏತ್ವ, ಸೊನ್ನೆ, ದ, ಒತ್ತು ಸೇರಿಸುವ ವಿರಾಮ ಚಿಹ್ನೆ, ರ. ಸರಿಯಾಗಿ ಎಂಟಕ್ಕೆ ಕತ್ತರಿ ಬಿದ್ದಿತ್ತು. ಆಕೆಯ ಅಮ್ಮ ಹೋಯಿತು, ಮಾಸ್ತರ ಅಪ್ಪ ಹೋಯಿತು, ಇಬ್ಬರ ಊರೂ ಹೋಯಿತು. ಉಳಿದದ್ದು ಒಬ್ಬ ನಾಗೇಂದ್ರ.

"ಏನು ಎಣಿಸ್ತಿದ್ದೀರಿ?" ಎಂದಳು ವಿಶಾಲಾ. ಏನಿಲ್ಲ ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮೂರನೇ ತಾರೀಖು ಬೆಳಿಗ್ಗೆ ಭಂಡಾರ ತೆರೆದು ನೋಡಿದೆ. ಹದಿನಾಲ್ಕು ಜನ ಏಳಾಗಿದ್ದರು. ಒಂದೇ ಹೆಸರಿನಲ್ಲಿ ಎರಡು ಕಡತ ಇರಬಾರದೆಂದು ಭಂಡಾರ ಹಳೆಯದನ್ನು ಅಳಿಸಿ ಹೊಸದನ್ನು ಉಳಿಸಿಕೊಂಡಿತ್ತು. ಮಾಸ್ತರ ದನಿ ಎರಡು ವರ್ಷದ್ದು, ನಾಗೇಂದ್ರಮ್ಮನವರದು ಒಂಬತ್ತು ವರ್ಷದ್ದು. ಚಾರ್ಜಿಗಿಟ್ಟ ಪಟ್ಟಿ ತನ್ನೊಳಗಿದ್ದ ಪ್ರತಿಯನ್ನೂ ತೆಗೆದುಹಾಕಿ ಮಾಸ್ತರದನ್ನು ತುಂಬಿಸಿಕೊಂಡಿತ್ತು.

ಗಾಬರಿಯಾದರೂ ಕೈ ಮೀರಿಲ್ಲ ಎನ್ನಿಸಿತು. ದಿನಾ ಸಂಜೆ ಐದಕ್ಕೆ ಭಂಡಾರದ ಪೂರ್ತಿ ಪ್ರತಿ ತೆಗೆದಿಡುವ ಏರ್ಪಾಡಿದೆ. ನಾನು ಕೈಯಾಡಿಸುವ ಮುಂಚಿನ ಪ್ರತಿ, ಮೂವತ್ತೊಂದನೇ ತಾರೀಖಿನದು, ಅಲ್ಲೇ ಇತ್ತು. ಅದನ್ನು ತೆಗೆಸಬೇಕಾದರೆ ನಾನೊಬ್ಬ ಸಾಲದು. ಆಸ್ಪತ್ರೆಯವರೂ ಒಪ್ಪಿಗೆ ಕೊಡಬೇಕು, ಕಾರಣ ಬರೆಯಬೇಕು. ಕಾರಣ ಬರೆದರೆ ವಿಶಾಲಾ ಓದುತ್ತಾಳೆ, ಅವಳ ಮೇಲಿನವರು ಓದುತ್ತಾರೆ. ಐದನೇ ತಾರೀಖು ನನಗೆ ಒಂದು ಕನ್ನಡ ಸಂಘದ ಸನ್ಮಾನ ಬೇರೆ ಇತ್ತು. ಮೊದಲು ಎರಡು ಲೈಬ್ರರಿಗಳನ್ನೂ ಸರಿಯಾಗಿ ಬೇರೆ ಮಾಡಿಬಿಡೋಣ, ಎಲ್ಲ ನೆಟ್ಟಗಾದ ಮೇಲೆ ಹಳೇ ಪ್ರತಿ ತೆಗೆದು ಇಟ್ಟರೆ ಯಾರಿಗೂ ಹೆಚ್ಚು ಹೇಳಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಪ್ರತಿಗಳು ಎಷ್ಟು ದಿನ ಇರುತ್ತವೆ ಎಂದು ಕೈಪಿಡಿ ನೋಡಿದೆ. 'ಎಂಟು ದಿನ ಇರುತ್ತವೆ' ಎಂದಿತ್ತು. ಎಂಟನೇ ತಾರೀಖು ಬೆಳಗಿನವರೆಗೆ ಸಮಯವಿದೆ ಎಂದುಕೊಂಡೆ.

ಆ ಕೆಲಸವನ್ನು ಮಾತ್ರ ಶ್ರದ್ಧೆಯಿಂದ ಮಾಡಿದೆ. ಏನು ಮಾಡುತ್ತಿದ್ದೇನೆ ಎಂದು ಫರ್ಜಾನಾ ಕೇಳಿದಾಗ, ನೀನು ಹೇಳಿದ್ದು ಯೋಚಿಸಿದೆ, ಸರಿಯಾಗಿಯೇ ಮಾಡೋಣ ಅಂತ ಎಂದೆ. ಅವಳ ಮುಖ ಅರಳಿತು. ಆ ಮುಖ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೂ ನಾನು ಬಾಯಿ ಬಿಡಲಿಲ್ಲ.

ನಾಲ್ಕನೇ ತಾರೀಖು ಹಳೇ ಬಸ್ ಸ್ಟ್ಯಾಂಡಿಗೆ ಹೋಗಿ ದೂರದಲ್ಲಿ ನಿಂತು ನೋಡಿದೆ. ಆ ಅಂಗಡಿಯ ಮಂಡಕ್ಕಿ-ಮೆಣಸಿನಕಾಯಿಯನ್ನು ಅರ್ಧ ಊರು ತಿಂದಿದೆ. ನಾಗೇಂದ್ರಮ್ಮನವರ ಕೂಗು ಕೇಳಿಯೇ ಬಾಯಲ್ಲಿ ನೀರೂರುತ್ತಿತ್ತು. ಬಸ್ಸಿನಲ್ಲಿ ಕೂತವರನ್ನೂ ಗುರುತು ಹಿಡಿದು ಕರೆಯುತ್ತಿದ್ದರು. ಅವತ್ತು ಕೊರಳು ಖಾಲಿ. ಖಾರ ಬೇಕಾ, ಬ್ಯಾಡಾ ಎಂದು ಒಂದು ಸ್ಲೇಟಿನ ಮೇಲೆ ಬರೆದು ನಿಲ್ಲಿಸಿದ್ದರು. ಗಿರಾಕಿಗಳು ಬೆರಳಿಟ್ಟು ತೋರಿಸುತ್ತಿದ್ದರು. ಒಬ್ಬ ಮಾತಾಡಿಸಿ ನೋಡೋಣ ಎಂಬಂತೆ, ಅಮ್ಮಾ ಒಂದ್ಸಲ ಮೇಷ್ಟ್ರ ದನೀಲಿ ಕರೀರಿ ಎಂದ. ಅವರು ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಲೇ ಇದ್ದರು.

ಆ ಸಂಜೆ ವಿಶಾಲಾ ಇನ್ನೊಂದು ಸುದ್ದಿ ತಂದಳು. ಹೊನ್ನಾಳಿಯ ಮಾಸ್ತರು ಆಸ್ಪತ್ರೆಗೆ ಬಂದು, ನನ್ನ ದನಿಯಿಂದ ಯಾರೋ ತಾಯಿಗೆ ತೊಂದರೆಯಾಗಿದೆಯಂತೆ, ಬೇಕಾದರೆ ನನ್ನದನ್ನು ತೆಗೆದುಬಿಡಿ ಎಂದು ಕೈಮುಗಿದರಂತೆ. ತಪ್ಪೇ ಮಾಡದ ಮನುಷ್ಯ ನಾಚಿಕೆಪಟ್ಟಿದ್ದ. ಮರುದಿನ ನಾನು ಸಭೆಯಲ್ಲಿ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ನಗುತ್ತಾ ಫೋಟೋಗೆ ನಿಂತೆ. ವಿಶಾಲಾ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಎಂಟನೇ ತಾರೀಖು ಬೆಳಿಗ್ಗೆ ಪೊಟ್ಟಣಗಳೆಲ್ಲ ಸಿದ್ಧವಾದವು. ಎರಡು ಲೈಬ್ರರಿಗೂ ಬೇರೆ ಹೆಸರು, ಬೇರೆ ಜಾಗ. ಈ ಸಲ ಕನ್ನಡದಲ್ಲೇ ಉದ್ದುದ್ದ ಹೆಸರು ಹಾಕಿ ನೋಡಿದೆ, ಒಂದೂ ಕತ್ತರಿಸಲಿಲ್ಲ. ಇನ್ನು ಹಳೇ ಪ್ರತಿ ತೆಗೆದರಾಯಿತು ಎಂದು ಪ್ರತಿಗಳ ಪಟ್ಟಿ ತೆರೆದೆ. ಎಲ್ಲಕ್ಕಿಂತ ಹಳೆಯದು ನವೆಂಬರ್ ಒಂದರ ಸಂಜೆಯದು. ಅದರಲ್ಲಿ ಆಗಲೇ ಒಬ್ಬನೇ ನಾಗೇಂದ್ರನಿದ್ದ. ಮೂವತ್ತೊಂದರದು ಇರಲಿಲ್ಲ.

ಯಂತ್ರದ ಏರ್ಪಾಡು ತೆಗೆದು ನೋಡಿದೆ. ಏಳು ಪ್ರತಿ ಎಂದಿತ್ತು. ಕೈಪಿಡಿಯಲ್ಲಿ ಎಂಟು ದಿನ. ಕೈಪಿಡಿಯ ಮೊದಲ ಪುಟದಲ್ಲಿ ಬರೆದವರ ಹೆಸರಿತ್ತು, ನನ್ನದೇ. ಹತ್ತು ವರ್ಷದ ಹಿಂದೆ, ಇದು ಇಂಗ್ಲಿಷಿನ ತರ್ಜುಮೆಯಾಗಬಾರದು, ನಮ್ಮ ಜನ ಆಡುವ ಹಾಗಿರಬೇಕು ಎಂದು ಹುಮ್ಮಸ್ಸಿನಲ್ಲಿ ಬರೆದದ್ದು. ಒಂದು ವಾರ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಎಂಟು ದಿನ ಎನ್ನುತ್ತೇವೆ. ಎಂಟು ದಿನ ಬಿಟ್ಟು ಬಾ ಎಂದರೆ ಈ ಸೋಮವಾರಕ್ಕೆ ಮುಂದಿನ ಸೋಮವಾರ ಬಾ ಎಂದು. ಬರೆಯುವಾಗ ಆಡುಮಾತಿನವನಾಗಿದ್ದೆ, ಓದುವಾಗ ಗುಮಾಸ್ತನಾಗಿ ಬೆರಳೆಣಿಸಿದ್ದೆ. ಮೂರನೇ ತಾರೀಖು ಬೆಳಿಗ್ಗೆ ಆಸ್ಪತ್ರೆಗೆ ಒಂದು ಫೋನ್ ಮಾಡಿದ್ದರೆ ಆ ಮಧ್ಯಾಹ್ನಕ್ಕೆ ನಾಗೇಂದ್ರಮ್ಮ ತಮ್ಮ ದನಿಯಲ್ಲಿ ಖಾರ ಎಷ್ಟು ಎಂದು ಕೇಳುತ್ತಿದ್ದರು.

ಫರ್ಜಾನಾಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ನಾನು ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ಕುರ್ಚಿ ಎಳೆದುಕೊಂಡು ಆಸ್ಪತ್ರೆಯ ಹಳೇ ಡಿಸ್ಕುಗಳನ್ನೆಲ್ಲ ತರಿಸಿ ಸಂಜೆಯವರೆಗೆ ಹುಡುಕಿದಳು. ಕಳೆದ ಏಳು ದನಿಗಳಲ್ಲಿ ಆರು ಸಿಕ್ಕವು. ನಾಗೇಂದ್ರಮ್ಮನವರದು ಮೊದಮೊದಲಿನ ವರ್ಷಗಳದ್ದು. ಆಗ ಬೇರೆ ಡಿಸ್ಕಿನಲ್ಲಿ ಪ್ರತಿ ಇಡುವ ಪದ್ಧತಿಯೇ ಇರಲಿಲ್ಲ.

ವಿಶಾಲಾಗೆ ಹೇಳುವಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತುಂಬಿಸಿಕೊಂಡ ದನಿ ಅದು, ಮೂರು ದಿನ ಎದುರಿಗೆ ಕೂತು, ಎಂದಳು. ಆ ಮೂರು ದಿನವೂ ನಾಗೇಂದ್ರಮ್ಮ ಅವಳಿಗೆ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದರಂತೆ. ಆಮೇಲೆ ಮೊರ ಕೆಳಗಿಟ್ಟಳು.

"ತಪ್ಪು ಎಲ್ರೂ ಮಾಡ್ತಾರೆ, ರೀ. ಆರು ದಿನ ನನ್ನ ಎದುರಿಗೇ ಕೂತು ಉಂಡ್ರಲ್ಲ, ಅದು ಹೆಂಗೆ ಒಳಗೆ ಇಳೀತು ನಿಮಗೆ?"

ಇಳಿದಿತ್ತು. ರುಚಿಯಾಗಿಯೇ ಇತ್ತು ಎಂಬುದನ್ನು ಹೇಗೆ ಹೇಳಲಿ?

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಅಂಗಡಿಗೆ ಹೋದೆ. ವಿಶಾಲಾ ಬರುತ್ತೇನೆ ಎನ್ನಲಿಲ್ಲ, ನಾನೂ ಕರೆಯಲಿಲ್ಲ. ನಾಗೇಂದ್ರಮ್ಮ ಮಂಡಕ್ಕಿ ಚೀಲ ಬಿಚ್ಚುತ್ತಿದ್ದರು. ಅರವತ್ತರ ಮೇಲಿನ ವಯಸ್ಸು, ಗಂಟಲ ಕುಳಿ ಮುಚ್ಚುವಂತೆ ಸೆರಗು ಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಜವಾನ, ಬಿಲ್ಲೆ, ರವಿ ಒಂದು, ರವಿ ಎರಡು, ದಿನಚರಿಯ ಪುಸ್ತಕ, ಎಂಟು ದಿನ, ಎಲ್ಲ ಹೇಳಿದೆ. ನಿಮ್ಮ ದನಿ ಇನ್ನು ಸಿಗುವುದಿಲ್ಲ ಎನ್ನುವ ಮಾತನ್ನು ಎರಡು ಸಲ ಹೇಳಬೇಕಾಯಿತು, ಮೊದಲ ಸಲ ನನಗೇ ಕೇಳಿಸುವಷ್ಟೂ ಬರಲಿಲ್ಲ. ಅವರ ಹಳೇ ಮೊಬೈಲಿನಲ್ಲಿ ಎಲ್ಲಾದರೂ ಮಾತು ಉಳಿದಿದ್ದರೆ ಅದರಿಂದ ಸುಮಾರಾದ ಒಂದು ದನಿ ಮಾಡಿಕೊಡಲು ವಿಶಾಲಾ ನೋಡುತ್ತಾಳೆ ಎಂದೂ ಹೇಳಿದೆ. ಅವರು ಕೇಳುತ್ತಾ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಡಬ್ಬಿಯೊಂದರಿಂದ ಪಟ್ಟಿ ತೆಗೆದು ಕೊರಳಿಗೆ ಕಟ್ಟಿಕೊಂಡರು. ಎಂಟು ದಿನದಿಂದ ಕಟ್ಟಿಕೊಳ್ಳದಿದ್ದದ್ದನ್ನು ನನಗೋಸ್ಕರ ಕಟ್ಟಿಕೊಂಡರು. ತುಟಿ ಅಲುಗಿತು. ಹೊನ್ನಾಳಿಯ ಮಾಸ್ತರ ಗಡಸು ದನಿ ಬಂತು.

"ಆವತ್ತು ನಿಮ್ ಪುಸ್ತಕದಾಗೆ ಇದನ್ನ ಏನಂತ ಬರ್ದಿದ್ರಿ?"

"ಸಣ್ಣಪುಟ್ಟ ತಿದ್ದುಪಡಿ ಅಂತ."

"ಯಾರು ಮಾಡಿದ್ದು ಅಂತ?"

"ನಿರ್ವಹಣಾ ತಂಡ ಅಂತ."

ಅವರು ಚೀಲದ ಬಾಯಿ ಮಡಚಿ ಇಟ್ಟರು. ನಾನೇ ಮುಂದುವರಿದೆ. ಇವತ್ತೇ ಹೊಸದಾಗಿ ಬರೆಯುತ್ತೇನೆ ಅಮ್ಮಾ, ನಿಮ್ಮ ಹೆಸರು ಪೂರ್ತಿ ಹಾಕುತ್ತೇನೆ, ಅಮ್ಮ, ಊರು ಎಲ್ಲ ಸೇರಿಸಿ, ಇನ್ನು ಯಾವತ್ತೂ ಅದು ಅಳಿಯದ ಹಾಗೆ ಎಂದೆ. ಹೇಳುವಾಗ ನನಗೆ ಕಣ್ಣೀರೂ ಬಂತು. ಅದು ನನ್ನ ಕಣ್ಣೀರಿಗೆ ನಾನೇ ಕರಗಿದ ಹಾಗಿತ್ತು.

"ನನ್ ಹೆಸ್ರು ಬ್ಯಾಡ್ರಿ," ಎಂದಿತು ಮಾಸ್ತರ ದನಿ. "ಅದನ್ನ ಆಗ್ಲೇ ಒಂದ್ಸಲ ಬರ್ದು ಕೆಡಿಸೀರಿ. ನಿಮ್ದು ಬರೀರಿ."

ಪಟ್ಟಿ ಬಿಚ್ಚಿ ಡಬ್ಬಿಯೊಳಗಿಟ್ಟು, ಸ್ಲೇಟು ಒರೆಸಿ ಎಂದಿನ ಜಾಗದಲ್ಲಿ ನಿಲ್ಲಿಸಿದರು. ನನ್ನ ಜೊತೆ ಮಾತು ಮುಗಿದಿತ್ತು.

ನೇರವಾಗಿ ಆಫೀಸಿಗೆ ಬಂದು ದಿನಚರಿ ತೆರೆದೆ. ಹಳೇ ಲೈಬ್ರರಿಯ ಹೆಸರನ್ನು ಹೊಸದಕ್ಕೆ ಅಂಟಿಸಿದ್ದೆ, ಈಗ ಬಿಡಿಸಿದ್ದೇನೆ ಎಂದು ಬರೆದೆ. ಇದರಿಂದ ಹದಿನಾಲ್ಕು ಜನರ ದನಿ ಏಳಾಯಿತು, ಆರು ಮರಳಿದವು, ಒಂದು ಹೋಯಿತು ಎಂದು ಬರೆದೆ. ಫರ್ಜಾನಾ ಮೊದಲೇ ಎಚ್ಚರಿಸಿದ್ದಳು, ಕೇಳಲಿಲ್ಲ; ಗೊತ್ತಾದ ಮೇಲೂ ಆರು ದಿನ ಯಾರಿಗೂ ಹೇಳಲಿಲ್ಲ ಎಂದು ಬರೆದೆ. ಸಹಿಯ ಜಾಗದಲ್ಲಿ ಯಂತ್ರ ಎಂದಿನಂತೆ 'ನಿರ್ವಹಣಾ ತಂಡ' ಎಂದು ತುಂಬಿಕೊಟ್ಟಿತ್ತು. ಅದನ್ನು ಅಳಿಸಿ ಕನ್ನಡದಲ್ಲಿ ನನ್ನ ಹೆಸರು ಬಡಿದೆ: ಕೊಟ್ರೇಶ್.

ಬಡಿದ ಮೇಲೆ ಅಭ್ಯಾಸಬಲದಿಂದ ಬೆರಳು ಮಡಚಿ ಎಣಿಸಿದೆ. ಎಂಟೇ ಗುರುತು, ಇಪ್ಪತ್ನಾಲ್ಕು ಬೈಟ್. ಆವತ್ತು ಒಂದು ಗುಂಡಿ ಒತ್ತಿ ನನ್ನ ಹೆಸರನ್ನೇ ಹಾಕಿ ನೋಡಿದ್ದರೂ ಆ ಲೈಬ್ರರಿ ಅದನ್ನು ಮುಟ್ಟುತ್ತಿರಲಿಲ್ಲ. ಪೂರ್ತಿಯಾಗಿ, ಒಂದು ಒತ್ತೂ ಕಡಿಮೆಯಾಗದೆ ವಾಪಸು ತಂದುಕೊಡುತ್ತಿತ್ತು. ನಾನು ಎಲ್ಲ ಸರಿಯಾಗಿದೆ ಎನ್ನುತ್ತಿದ್ದೆ.